ಸೈನಿಕನ ಮನಸ್ಸಿನ ಖರ್ಚು ಯಾರ ಲೆಕ್ಕಕ್ಕೆ?

ಬೆಳಗ್ಗೆ ಆರೂವರೆಗೆ ವರ್ತೂರು ಕೋಡಿ ಕಡೆ ಹೋದರೆ ಟೀ ಅಂಗಡಿ ಮುಂದೆ ರಾತ್ರಿ ಪಾಳಿ ಮುಗಿಸಿದ ಸೆಕ್ಯೂರಿಟಿಯವರು ನಿಂತಿರುತ್ತಾರೆ. ವೈಟ್‌ಫೀಲ್ಡ್ ಕಡೆಯ ಐಟಿ ಪಾರ್ಕುಗಳ, ಅಪಾರ್ಟ್‌ಮೆಂಟುಗಳ ಗೇಟು ಕಾಯುವವರು. ಅವರಲ್ಲಿ ಮಿಲಿಟರಿಯಿಂದ ಬಂದವರು ಯಾರು ಅಂತ ಕೇಳಬೇಕಾಗಿಲ್ಲ, ನಿಂತ ರೀತಿಯಲ್ಲೇ ಗೊತ್ತಾಗುತ್ತದೆ. ಬೂಟು ಹೊಳೆಯುತ್ತಿರುತ್ತದೆ, ಬೆನ್ನು ಗೋಡೆ ಕಡೆಗಿರುತ್ತದೆ.

ಬೆನ್ನು ಗೋಡೆ ಕಡೆಗೇ ಯಾಕೆ ಅಂತ ನಾವು ಒಬ್ಬ ಮಾಜಿ ಹವಾಲ್ದಾರರನ್ನು ತಮಾಷೆಗೆ ಕೇಳಿದೆವು. ಅವರು ನಗಲಿಲ್ಲ. ದೀಪಾವಳಿ ಬಂದರೆ ಮೂರು ದಿನ ಮನೆಯ ಒಳಕೋಣೆಯಲ್ಲಿ ಟಿವಿ ಜೋರಾಗಿ ಹಾಕಿಕೊಂಡು ಕೂರುತ್ತೇನೆ ಎಂದರು. ರಾತ್ರಿ ಪಾಳಿಯನ್ನು ಕೇಳಿ ಹಾಕಿಸಿಕೊಂಡಿದ್ದಾರೆ, ಹೇಗೂ ರಾತ್ರಿ ನಿದ್ದೆ ಬರುವುದಿಲ್ಲವಂತೆ. ಡಾಕ್ಟರಿಗೆ ತೋರಿಸಿದ್ದೀರಾ ಅಂದಿದ್ದಕ್ಕೆ, "ಏನಂತ ತೋರ್ಸೋದ್ರಪ್ಪಾ? ಕಾಲು ಮುರಿದಿದ್ರೆ ತೋರಿಸಬೋದಿತ್ತು" ಅಂದು ಗ್ಲಾಸು ಇಟ್ಟು ಹೊರಟುಹೋದರು.

ಆ ಮಾತನ್ನು ಹಿಡಿದುಕೊಂಡು ನಾವು ಹಿಂದಕ್ಕೆ ಹೋದೆವು. ಯುದ್ಧಕ್ಕೆ ಹೋಗಿಬಂದವನ ಮನಸ್ಸು ಕೆಟ್ಟರೆ ನೋಡಿಕೊಳ್ಳುವ ಖರ್ಚು ಯಾರದು? ಈ ಪ್ರಶ್ನೆಗೆ ನಮ್ಮ ನೆಲದಲ್ಲಿ ಸಾವಿರ ವರ್ಷಕ್ಕೂ ಹಿಂದಿನ ಒಂದು ಅರ್ಧ ಉತ್ತರ ಇದೆ.

ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ ಬೇಗೂರಿನಿಂದ ತಂದ ದೊಡ್ಡ ವೀರಗಲ್ಲು ಇದೆ. ಆನೆ, ಕುದುರೆ, ಕತ್ತಿ ಹಿಡಿದವರು, ಬಿದ್ದವರು, ಇಡೀ ಯುದ್ಧವನ್ನೇ ಕೆತ್ತಿದ್ದಾರೆ. ಗಂಗರ ಕಾಲದ್ದು. ತುಂಬೆಪಾಡಿ ಎಂಬಲ್ಲಿ ವೀರಮಹೇಂದ್ರನ ಸೇನೆಯ ವಿರುದ್ಧ ಹೋರಾಡಿ ನಾಗತ್ತರ ಸತ್ತ. ಆಮೇಲೆ ಎರೆಯಪ್ಪ ಎಂಬ ಗಂಗ ದೊರೆ ನಾಗತ್ತರನ ಪಟ್ಟವನ್ನು ಇರುಗನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು, ಅಂದರೆ ಬೇಗೂರು ಸೀಮೆಯ ಹಳ್ಳಿಗಳನ್ನು, ಕಲ್ನಾಡಾಗಿ ಕೊಟ್ಟ. ಶಾಸನ ಹೇಳುವುದು ಇದನ್ನೇ.

ಈ 'ಕಲ್ನಾಡು' ಎಂಬ ಪದವನ್ನು ಗಮನಿಸಿ. ಹೋರಾಡಿ ಸತ್ತವನ ಮನೆಯವರಿಗೆ ಕೊಟ್ಟ ಭೂಮಿಗೆ ನಮ್ಮ ಶಾಸನಗಳಲ್ಲಿ ಇನ್ನೂ ಹೆಸರುಗಳಿವೆ: ನೆತ್ತರುಗೊಡಗೆ, ಬಾಳ್ಗಳ್ಚು. ನೆತ್ತರಿಗೆ ಬದಲಾಗಿ ಕೊಟ್ಟದ್ದು, ಕತ್ತಿ ತೊಳೆದಾಗ ಕೊಟ್ಟದ್ದು. ಬೆಂಗಳೂರು, ಕೋಲಾರ ಸೀಮೆಯಲ್ಲಿ ಇಂಥ ಕಲ್ಲುಗಳಿಗೆ ಬರವಿಲ್ಲ. ನಿಮ್ಮ ಊರ ಕೆರೆ ಏರಿಯಲ್ಲೋ ಗುಡಿ ಹಿಂದೆಯೋ ಒಂದು ಇದ್ದರೂ ಇರಬಹುದು, ಜನ ಅದಕ್ಕೆ ಕುಂಕುಮ ಹಚ್ಚಿ ದೇವರು ಮಾಡಿರುತ್ತಾರೆ.

ಕಾದಾಡಲು ಕಳಿಸಿದವನು ಕಾದಾಡಿದವನ ಮನೆಗೆ ಅನ್ನ ಕೊಡಬೇಕು ಎಂಬ ಒಪ್ಪಂದ ಆಗಲೇ ಇತ್ತು, ಅದೂ ಬಾಯಿಮಾತಿನಲ್ಲಿ ಬಿಡದೆ ಕಲ್ಲಿನ ಮೇಲೆ ಬರೆಸಿದ್ದರು. ಆದರೆ ವೀರಗಲ್ಲಿನ ಮೇಲಿನ ಪಟ್ಟಿಕೆಯಲ್ಲಿ ವೀರ ಯಾವಾಗಲೂ ಅಪ್ಸರೆಯರ ಜೊತೆ ಸ್ವರ್ಗಕ್ಕೆ ಹೋಗುತ್ತಾನೆ. ಬದುಕಿ ಬಂದು, ರಾತ್ರಿ ಬೆಚ್ಚಿಬಿದ್ದು ಕೂಗುವವನಿಗೆ ಆ ಕಲ್ಲಿನಲ್ಲಿ ಜಾಗವಿಲ್ಲ. ನಾವು ಅರ್ಧ ಉತ್ತರ ಅಂದದ್ದು ಅದಕ್ಕೇ.

ಅಲ್ಲಿಂದ ಸುಮಾರು ಸಾವಿರ ವರ್ಷ ದಾಟಿ ಬನ್ನಿ. ಬೆಂಗಳೂರು ಪೇಟೆಯಲ್ಲಿ ಪ್ಯೂನರಿಗೆ, ಗತಿಯಿಲ್ಲದವರಿಗೆ, ಸಿಪಾಯಿಗಳಿಗೆ ಅಂತ ಒಂದು ಆಸ್ಪತ್ರೆ ಇತ್ತು. ಆ ಮೂವರನ್ನು ಒಂದೇ ಸಾಲಿನಲ್ಲಿ ಕೂರಿಸಿದ್ದೇ ಅಂದಿನ ಸರ್ಕಾರ ಸಿಪಾಯಿಯನ್ನು ಹೇಗೆ ಕಂಡಿತ್ತು ಎಂಬುದನ್ನು ಹೇಳುತ್ತದೆ. 1840ರ ದಶಕದ ಕೊನೆಗೆ ಬೆಂಗಳೂರಿನಲ್ಲಿ ಹುಚ್ಚಾಸ್ಪತ್ರೆ ಬೇರೆಯಾಗಿ ಶುರುವಾಯಿತು. 1925ರಲ್ಲಿ ಮೈಸೂರು ಸಂಸ್ಥಾನ ಅದರ ಹೆಸರನ್ನು ಮಾನಸಿಕ ಆಸ್ಪತ್ರೆ ಎಂದು ಬದಲಾಯಿಸಿತು. 1930ರ ದಶಕದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಅದು ಊರಾಚೆಗೆ ಹೊಸ ಕಟ್ಟಡಕ್ಕೆ ಹೋಯಿತು. ಇವತ್ತಿನ ನಿಮ್ಹಾನ್ಸ್ ಇರುವ ಜಾಗ ಅದೇ. ವರ್ತೂರಿನಿಂದ ಸುಮಾರು 20 ಕಿಲೋಮೀಟರ್.

ಅದೇ ಕಾಲದಲ್ಲಿ ಬಿಳಿಯ ಸಿಪಾಯಿಗೆ ಬೇರೆ ದಾರಿ ಇತ್ತು. ನಾಸಿಕ್ ಹತ್ತಿರ ದೇವಲಾಲಿ ಎಂಬ ಊರಿನಲ್ಲಿ ಬ್ರಿಟಿಷ್ ಸೇನೆಯ ಶಿಬಿರ. ಊರಿಗೆ ಹೋಗುವ ಹಡಗಿಗೆ ಸಿಪಾಯಿಗಳು ಅಲ್ಲಿ ತಿಂಗಳುಗಟ್ಟಲೆ ಕಾಯುತ್ತಿದ್ದರು. ಬಿಸಿಲು, ಜ್ವರ, ಕುಡಿತ, ಬೇಸರ. ತಲೆ ಕೆಟ್ಟವನನ್ನು ಇಂಗ್ಲಿಷಿನಲ್ಲಿ ಇಂದಿಗೂ 'ಡೂಲಾಲಿ' ಅನ್ನುತ್ತಾರೆ, ಆ ಮಾತು ಹುಟ್ಟಿದ್ದು ಈ ಊರ ಹೆಸರಿನಿಂದ. ಅವರಿಗೆ ಕೊನೆಗೆ ಹಡಗು ಬರುತ್ತಿತ್ತು. ನಮ್ಮ ಸಿಪಾಯಿಗೆ ಹಡಗೂ ಇಲ್ಲ, ಆ ಬಗೆಯ ಆಸ್ಪತ್ರೆಯೂ ಇಲ್ಲ. ಊರಿಗೆ ಬಂದರೆ ಗಾಳಿ ಸೋಕಿದೆ ಅಂತ ಮಂತ್ರ ಹಾಕಿಸುವುದು, ಯಂತ್ರ ಕಟ್ಟಿಸುವುದು. ಖರ್ಚು ಮನೆಯವರದು.

ಮೊದಲ ಮಹಾಯುದ್ಧಕ್ಕೆ ಭಾರತದಿಂದ 13 ಲಕ್ಷದಷ್ಟು ಜನ ಹೋದರು. ಮೈಸೂರು ಲ್ಯಾನ್ಸರ್ಸ್ ಈಜಿಪ್ಟ್, ಪ್ಯಾಲೆಸ್ತೀನ್ ಕಡೆ ಹೋಗಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಗೆದ್ದರು. ಬೆಂಗಳೂರಿನ ಜೆ.ಸಿ. ನಗರದ ಕಡೆ ಅವರ ಸ್ಮಾರಕ ಇದೆ. ಮದ್ರಾಸ್ ಪಯೊನೀರ್ ಪಡೆಯವರದು ಬ್ರಿಗೇಡ್ ರಸ್ತೆಯ ತುದಿಯಲ್ಲಿದೆ. ಮೆಸಪೊಟೇಮಿಯಾ, ಪೂರ್ವ ಆಫ್ರಿಕಾದಲ್ಲಿ ಸತ್ತವರ ನೆನಪಿಗೆ ನಿಲ್ಲಿಸಿದ ಕಂಬ, ಅದರ ಸುತ್ತ ಈಗ ಬಟ್ಟೆ ಅಂಗಡಿಗಳು. ಇಲ್ಲೂ ಕಲ್ಲು ಸತ್ತವರಿಗೇ.

ಆ ಯುದ್ಧದಲ್ಲೇ ಸೈನಿಕರ ಮನಸ್ಸಿನ ಗಾಯಕ್ಕೆ ಒಂದು ಹೆಸರು ಸಿಕ್ಕಿತು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ಬ್ರಿಟಿಷ್ ವೈದ್ಯ 'ಶೆಲ್ ಶಾಕ್' ಎಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಮೈಮೇಲೆ ಗಾಯವಿಲ್ಲ, ಆದರೆ ಕಣ್ಣು ಕಾಣದು, ಮಾತು ಬಾರದು, ಕೈ ನಡುಗುತ್ತದೆ. ಹೇಡಿತನ ಎಂದು ಅಧಿಕಾರಿಗಳು ಹೇಳುತ್ತಿದ್ದುದನ್ನು ವೈದ್ಯರು ಕಾಯಿಲೆ ಎನ್ನತೊಡಗಿದರು. ಹೆಸರು ಸಿಕ್ಕಿದ ಮೇಲೆ ದುಡ್ಡಿನ ಪ್ರಶ್ನೆ ಬಂತು. 1921ರ ಹೊತ್ತಿಗೆ ಬ್ರಿಟನ್‌ನಲ್ಲಿ ಸುಮಾರು 65,000 ಮಾಜಿ ಸೈನಿಕರು ಇಂಥ ನರಸಂಬಂಧಿ ತೊಂದರೆಗೆ ಪೆನ್ಷನ್ ಪಡೆಯುತ್ತಿದ್ದರು.

ನಮ್ಮ ಸಿಪಾಯಿಗಳದ್ದು? ಫ್ರಾನ್ಸಿನಿಂದ, ಇಂಗ್ಲೆಂಡಿನ ಆಸ್ಪತ್ರೆಗಳಿಂದ ಅವರು ಊರಿಗೆ ಬರೆದ ಕಾಗದಗಳನ್ನು ಸರ್ಕಾರ ಒಡೆದು ಓದಿಸುತ್ತಿತ್ತು. ಅದಕ್ಕೆಂದೇ ಸೆನ್ಸಾರ್ ಕಚೇರಿ. ಆ ಕಾಗದಗಳ ಭಾಗಗಳು ಲಂಡನ್ನಿನಲ್ಲಿ ಇಂದಿಗೂ ಇವೆ. ಹೆದರಿಕೆ, ಹತಾಶೆ, ಇಲ್ಲಿಗೆ ಬರಬೇಡ ಎಂದು ತಮ್ಮನಿಗೆ ಸೂಚ್ಯವಾಗಿ ಹೇಳುವುದು, ಎಲ್ಲ ಅವುಗಳಲ್ಲಿ ಉಳಿದಿದೆ. ಸಿಪಾಯಿಯ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವುದಕ್ಕೆ ಸರ್ಕಾರ ಹಣ ಖರ್ಚು ಮಾಡಿತು ಅನ್ನಿ. ಮದ್ದು ಮಾಡುವುದಕ್ಕೆ ಮಾಡಿದ ಖರ್ಚಲ್ಲ ಅದು.

ಯುದ್ಧ ಮುಗಿದ ಮೇಲೆ, 1919ರಲ್ಲಿ, ಸೈನಿಕರ ಕ್ಷೇಮಕ್ಕಾಗಿ ಇಂಡಿಯನ್ ಸೋಲ್ಜರ್ಸ್ ಬೋರ್ಡ್ ಆಯಿತು. ಇವತ್ತಿನ ಕೇಂದ್ರೀಯ ಸೈನಿಕ ಮಂಡಳಿ, ಅದರ ಕೆಳಗೆ ರಾಜ್ಯದ್ದು, ಜಿಲ್ಲೆಯದ್ದು, ಎಲ್ಲದರ ಬೇರು ಅದೇ. ಸ್ವಾತಂತ್ರ್ಯದ ನಂತರ 1949ರಿಂದ ಡಿಸೆಂಬರ್ 7 ಧ್ವಜ ದಿನವಾಯಿತು. ಶಾಲೆಯಲ್ಲಿ ಮೇಷ್ಟ್ರು ಚಿಕ್ಕ ಕಾಗದದ ಬಾವುಟ ಕೊಟ್ಟು ಒಂದೋ ಎರಡೋ ರೂಪಾಯಿ ವಸೂಲಿ ಮಾಡುತ್ತಿದ್ದದ್ದು ನೆನಪಿದೆಯಲ್ಲ? ಆ ದುಡ್ಡು ಈ ನಿಧಿಗೆ. ಪೆನ್ಷನ್ ಇಲ್ಲದ ಮಾಜಿ ಸೈನಿಕರ ಔಷಧಿಗೆ, ಬಡತನದ ನೆರವಿಗೆ ಇಂದಿಗೂ ಆ ನಿಧಿಯಿಂದ ಹಣ ಹೋಗುತ್ತದೆ. ನಮಗೆ ಇದರ ಬಗ್ಗೆ ಮೊದಲಿನಿಂದಲೂ ಒಂದು ಕಸಿವಿಸಿ ಇದೆ. ಮಕ್ಕಳು ಕೊಡುವುದು ತಪ್ಪಲ್ಲ. ಆದರೆ ಸರ್ಕಾರ ಕಳಿಸಿದ ಯುದ್ಧಕ್ಕೆ ಹೋಗಿ ಬಂದವನ ಮಾತ್ರೆಯ ದುಡ್ಡು ಮೂರನೇ ಕ್ಲಾಸಿನ ಮಗುವಿನ ಜೇಬಿನಿಂದ ಬರಬೇಕೇ?

ಈ ನಡುವೆ ಬೆಂಗಳೂರಿನ ಆಸ್ಪತ್ರೆ ಬೆಳೆಯಿತು. 1946ರ ಭೋರ್ ಸಮಿತಿ ವರದಿ ದೇಶದ ಮಾನಸಿಕ ಆಸ್ಪತ್ರೆಗಳಲ್ಲಿ ಇರುವುದು 10 ಸಾವಿರ ಚಿಲ್ಲರೆ ಹಾಸಿಗೆ ಮಾತ್ರ ಎಂದು ತೋರಿಸಿತು, ಅದೂ ಅವಿಭಜಿತ ಭಾರತಕ್ಕೆ. ಮನೋವೈದ್ಯರನ್ನು ತಯಾರು ಮಾಡಲು 1954ರಲ್ಲಿ ಮೈಸೂರು ಸರ್ಕಾರದ ಆಸ್ಪತ್ರೆಯ ಪಕ್ಕದಲ್ಲೇ ಕೇಂದ್ರ ಸರ್ಕಾರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತೆರೆಯಿತು, ಡಾ. ಎಂ.ವಿ. ಗೋವಿಂದಸ್ವಾಮಿ ಅದರ ನಿರ್ದೇಶಕರು. ಹಲವು ವರ್ಷ ಒಂದೇ ಆವರಣದಲ್ಲಿ ಆಸ್ಪತ್ರೆ ರಾಜ್ಯದ್ದು, ಸಂಸ್ಥೆ ಕೇಂದ್ರದ್ದು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಕೇಂದ್ರ, ರಾಜ್ಯ ಎರಡೂ ಮನಸ್ಸು ಮಾಡಿದರೆ ಕೂಡಿ ನಡೆಸಬಹುದು ಎಂಬುದಕ್ಕೆ ನಮ್ಮ ಊರಿನ ಪಕ್ಕದಲ್ಲೇ ಇರುವ ಪುರಾವೆ ಇದು.

ಹಳ್ಳಿಗೆ ಮನೋವೈದ್ಯ ಬರುವ ಕೆಲಸವೂ ಇಲ್ಲಿಂದಲೇ ಶುರುವಾಯಿತು. ಬನ್ನೇರುಘಟ್ಟ ಕಡೆಯ ಸಕಲವಾರದಲ್ಲಿ ನಿಮ್ಹಾನ್ಸ್ ಹಳ್ಳಿ ಕೇಂದ್ರ ತೆರೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ತರಬೇತಿ ಕೊಟ್ಟರೆ ಸಾಕಷ್ಟು ಕಾಯಿಲೆ ಅಲ್ಲೇ ನೋಡಬಹುದು ಎಂದು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದರು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಕರ್ನಾಟಕದಲ್ಲಿ 2014ರಿಂದ 'ಮನೋಚೈತನ್ಯ' ಹೆಸರಿನಲ್ಲಿ ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಬಂತು.

ಇದೆಲ್ಲ ಸಾಮಾನ್ಯ ಜನರಿಗೆ. ಮಾಜಿ ಸೈನಿಕನೂ ಅಲ್ಲಿಗೆ ಹೋಗಬಹುದು, ಹೋಗುತ್ತಾನೆ. ಆದರೆ ಅವನ ಕಾಯಿಲೆ ಎಲ್ಲಿಂದ ಬಂತು ಎಂದು ಕೇಳುವ ಕಾಲಂ ಆ ಓಪಿಡಿ ಚೀಟಿಯಲ್ಲಿ ಇಲ್ಲ.

ಅಮೆರಿಕದಲ್ಲಿ ಅದನ್ನು ಕೇಳುವಂತೆ ಮಾಡಿದ್ದು ಮಾಜಿ ಸೈನಿಕರೇ. ವಿಯೆಟ್ನಾಂನಿಂದ ಬಂದವರು ಬೀದಿಗಿಳಿದರು, ತಾವೇ ಗುಂಪು ಕೂತು ಮಾತಾಡಿದರು, ಮನೋವೈದ್ಯರನ್ನು ಜೊತೆಗೆ ಎಳೆದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಕಾಯಿಲೆಗಳ ಪಟ್ಟಿಗೆ ಪಿಟಿಎಸ್‌ಡಿ ಸೇರಿತು. ದೊಡ್ಡ ಆಘಾತ ಕಂಡವನಿಗೆ ಅದು ಮತ್ತೆ ಮತ್ತೆ ಕಣ್ಣೆದುರು ಬರುವುದು, ಸಣ್ಣ ಸದ್ದಿಗೂ ಬೆಚ್ಚುವುದು, ನಿದ್ದೆ ಹೋಗುವುದು, ಜನರಿಂದ ದೂರವಾಗುವುದು, ಈ ಕಾಯಿಲೆಯ ಗುರುತು. ಪಟಾಕಿಗೆ ಒಳಕೋಣೆ ಸೇರುವ ನಮ್ಮ ಹವಾಲ್ದಾರರಿಗೆ ಇದೇ ಇದೆ ಎಂದು ಹೇಳಲು ನಾವು ಡಾಕ್ಟರಲ್ಲ, ತೋರಿಸಿಕೊಳ್ಳಬೇಕು ಅಷ್ಟೆ. 1989ರಲ್ಲಿ ಅಲ್ಲಿನ ಸರ್ಕಾರ ಮಾಜಿ ಸೈನಿಕರ ಇಲಾಖೆಯೊಳಗೇ ಈ ಕಾಯಿಲೆಯ ಸಂಶೋಧನೆಗೆ ರಾಷ್ಟ್ರೀಯ ಕೇಂದ್ರ ತೆರೆಯಿತು. ಅಲ್ಲಿ ಎಲ್ಲ ಸರಿಯಿದೆ ಎಂದು ನಾವು ಹೇಳುತ್ತಿಲ್ಲ. ಆದರೆ ಎಣಿಸುವುದಕ್ಕೆ, ಅಧ್ಯಯನಕ್ಕೆ ಸರ್ಕಾರವೇ ಹಣ ಇಟ್ಟಿತು.

ನಮ್ಮಲ್ಲಿ ಸೇನೆಗೆ ಮನಶ್ಶಾಸ್ತ್ರದ ಸಂಶೋಧನಾ ಸಂಸ್ಥೆ ಇಲ್ಲ ಅಂತಲ್ಲ. 1949ರಲ್ಲೇ ದೆಹಲಿಯಲ್ಲಿ ಶುರುವಾದ ವಿಭಾಗವೊಂದು ಈಗ ಡಿಆರ್‌ಡಿಒ ಕೆಳಗೆ ಡಿಐಪಿಆರ್ ಎಂದು ನಡೆಯುತ್ತಿದೆ. ಯಾರನ್ನು ಆಯ್ಕೆ ಮಾಡಬೇಕು, ಕರ್ತವ್ಯದಲ್ಲಿ ಇರುವವನು ಒತ್ತಡ ತಡೆಯುವುದು ಹೇಗೆ ಎಂಬುದು ಅದರ ಮುಖ್ಯ ಕೆಲಸ. ಅಂದರೆ ಸೇರುವವನು, ಸೇವೆಯಲ್ಲಿರುವವನು. ಊರಿಗೆ ಬಂದವನ ಲೆಕ್ಕ ಬೇರೆ ಕಡೆ ಹುಡುಕಬೇಕು. 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡಿತು. ವಯಸ್ಕರಲ್ಲಿ ನೂರಕ್ಕೆ 10.6 ಮಂದಿಗೆ ಮಾನಸಿಕ ತೊಂದರೆ ಇದೆ, ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ಸಿಕ್ಕಿಲ್ಲ ಎಂದು ಗೊತ್ತಾಯಿತು. ಅದು ಎಲ್ಲ ಜನರ ಸಮೀಕ್ಷೆ. ಮಾಜಿ ಸೈನಿಕರನ್ನೇ ಹುಡುಕಿಕೊಂಡು ಹೋಗಿ ಕೇಳುವ ಅಂಥದೊಂದು ಸಮೀಕ್ಷೆ ಬೇಕು. ನಿಮ್ಹಾನ್ಸ್ ಇರುವ ಊರಿನಿಂದಲೇ ಅದು ಶುರುವಾಗಲಿ ಎಂದರೆ ಅತಿಯಾಸೆಯೇನಲ್ಲ.

ಈಗ ದುಡ್ಡಿನ ದಾರಿ ನೋಡೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ನಿಮ್ಮ ಮನೆಯಲ್ಲಿ ಮಿಲಿಟರಿಯವರಿದ್ದರೆ ಇದೇ ಮುಖ್ಯ.

ಸೇವೆಯಲ್ಲಿ ಇರುವವರೆಗೆ ಖರ್ಚು ಪೂರ್ತಿ ರಕ್ಷಣಾ ಇಲಾಖೆಯದು, ಮಿಲಿಟರಿ ಆಸ್ಪತ್ರೆಗಳಿವೆ. ನಿವೃತ್ತಿಯಾದ ಮೇಲೆ 2003ರಿಂದ ಇಸಿಎಚ್‌ಎಸ್ ಇದೆ. ಒಂದು ಸಲ ಹಣ ಕಟ್ಟಿದರೆ ಪಾಲಿಕ್ಲಿನಿಕ್‌ನಲ್ಲಿ ಔಷಧಿ, ಅಲ್ಲಿಂದ ಚೀಟಿ ಬರೆಸಿಕೊಂಡು ಪಟ್ಟಿಯಲ್ಲಿರುವ ಆಸ್ಪತ್ರೆಗೆ. ಮನಸ್ಸಿನ ಕಾಯಿಲೆಗೂ ಇದು ನಡೆಯುತ್ತದೆ. ಆಸ್ಪತ್ರೆಗಳ ಬಿಲ್ಲು ಬಾಕಿ ಉಳಿದು ಕಾರ್ಡು ತೋರಿಸಿದವರನ್ನು ಅಲೆಸುತ್ತಾರೆ ಎಂಬ ದೂರು ದೇಶದ ಎಲ್ಲ ಕಡೆ ಇದೆ, ಅದು ಬೇರೆ ಕಥೆ.

ಮುಖ್ಯ ವಿಷಯ ಏನೆಂದರೆ, ಇಸಿಎಚ್‌ಎಸ್ ಪೆನ್ಷನ್ ಇರುವವನಿಗೆ. ಹದಿನೈದು ವರ್ಷ ಸೇವೆ ಮುಗಿಸಿದ ಜವಾನನಿಗೆ ಪೆನ್ಷನ್ ಇದೆ. ಆರೇಳು ವರ್ಷಕ್ಕೆ ಮನಸ್ಸು ಕೆಟ್ಟಿತು, ಮೆಡಿಕಲ್ ಬೋರ್ಡ್ ಮನೆಗೆ ಕಳಿಸಿತು ಅನ್ನಿ. ಆಗ ಅಂಗವಿಕಲತೆ ಪೆನ್ಷನ್ ಸಿಗಬೇಕಾದರೆ ಕಾಯಿಲೆ ಸೇವೆಯಿಂದಲೇ ಬಂದದ್ದು ಅಥವಾ ಸೇವೆಯಿಂದ ಹೆಚ್ಚಾದದ್ದು ಎಂದು ಬೋರ್ಡ್ ಒಪ್ಪಬೇಕು. ಬೋರ್ಡ್ ಎಷ್ಟೋ ಬಾರಿ 'ಇದು ಹುಟ್ಟಿನಿಂದ ಬಂದ ಸ್ವಭಾವ, ಸೇವೆಗೆ ಸಂಬಂಧ ಇಲ್ಲ' ಎಂದು ಒಂದು ಸಾಲು ಬರೆದುಬಿಡುತ್ತದೆ. ಆ ಒಂದು ಸಾಲಿನಿಂದ ಅಂಗವಿಕಲತೆ ಪೆನ್ಷನ್ ಹೋಯಿತು. ಹತ್ತು ವರ್ಷ ತುಂಬದಿದ್ದರೆ ಹಿಂದೆ ಇನ್‌ವ್ಯಾಲಿಡ್ ಪೆನ್ಷನ್ ಕೂಡ ಇರಲಿಲ್ಲ, ಒಂದಿಷ್ಟು ಗ್ರಾಚ್ಯುಟಿ ಮಾತ್ರ. ಪೆನ್ಷನ್ ಇಲ್ಲದ ಮೇಲೆ ಇಸಿಎಚ್‌ಎಸ್ ಇಲ್ಲ. ಯಾರಿಗೆ ಚಿಕಿತ್ಸೆ ಎಲ್ಲರಿಗಿಂತ ಹೆಚ್ಚು ಬೇಕೋ ಅವನೇ ಬಾಗಿಲ ಹೊರಗೆ. 2020ರಲ್ಲಿ ಕೇಂದ್ರ ಈ ಹತ್ತು ವರ್ಷದ ಷರತ್ತನ್ನು ಸಡಿಲಿಸಿತು, ಆದರೆ 2019ರ ಜನವರಿ 4ರಂದು ಅಥವಾ ನಂತರ ಸೇವೆಯಲ್ಲಿದ್ದವರಿಗೆ ಮಾತ್ರ. ಅದಕ್ಕೂ ಮೊದಲು ಮನೆಗೆ ಬಂದವರು ಹಾಗೇ ಉಳಿದರು.

ಕೋರ್ಟು ಇಲ್ಲಿ ಸೈನಿಕನ ಕಡೆ ನಿಂತಿದೆ. 1982ರ ನಿಯಮಗಳಲ್ಲಿ ಒಂದು ಒಳ್ಳೆಯ ಮಾತಿತ್ತು: ಸೇರುವಾಗ ಕಾಯಿಲೆ ಇತ್ತೆಂದು ದಾಖಲಾಗಿಲ್ಲದಿದ್ದರೆ ಅವನು ಆರೋಗ್ಯವಂತನಾಗಿಯೇ ಸೇರಿದ್ದ ಎಂದು ತಿಳಿಯಬೇಕು. ಅಲ್ಲ ಎಂದು ಸಾಬೀತು ಮಾಡುವ ಹೊಣೆ ಸೈನಿಕನದಲ್ಲ. 2013ರಲ್ಲಿ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿತು. ಅದು ಫಿಟ್ಸ್ ಕಾಯಿಲೆಯ ಪ್ರಕರಣ. 2025ರ ಮೇ ತಿಂಗಳಲ್ಲಿ ಸ್ಕಿಜೋಫ್ರೇನಿಯಾ ಎಂದು ಮನೆಗೆ ಕಳಿಸಿದ್ದ ಸಿಪಾಯಿಯೊಬ್ಬರ ಪ್ರಕರಣದಲ್ಲೂ, ಬೋರ್ಡ್ ಕಾರಣ ಬರೆಯದೆ ಸುಮ್ಮನೆ ಷರಾ ಹಾಕಿದರೆ ಸಾಲದು ಎಂದು ಹೇಳಿ ಪೆನ್ಷನ್ ಕೊಡಿಸಿತು. ಅವರು ಸೇನೆ ಸೇರಿದ್ದು 1988ರಲ್ಲಿ. ಲೆಕ್ಕ ಹಾಕಿ, ಸೇರಿದಂದಿನಿಂದ ತೀರ್ಪಿನವರೆಗೆ 37 ವರ್ಷ.

ಕೇಸು ಹಾಕುವುದೂ ಸುಲಭವಲ್ಲ. ಕರ್ನಾಟಕದ ಸೈನಿಕರ ದೂರು ಕೇಳುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಪೀಠ ಇರುವುದು ಕೊಚ್ಚಿಯಲ್ಲಿ. 2023ರ ಸೆಪ್ಟೆಂಬರ್‌ನಲ್ಲಿ ಬಂದ ಹೊಸ ನಿಯಮಗಳಲ್ಲಿ ಹಳೆಯ ರಕ್ಷಣೆ ಮೊದಲಿನಷ್ಟು ಉಳಿದಿಲ್ಲ ಎಂಬುದು ಮಾಜಿ ಸೈನಿಕರ ಆಕ್ಷೇಪ.

ಸಂವಿಧಾನದ ಪಟ್ಟಿಗಳನ್ನು ನೋಡಿದರೆ ಗೊಂದಲ ಎಲ್ಲಿಂದ ಬಂತು ಅಂತ ತಿಳಿಯುತ್ತದೆ. ರಕ್ಷಣೆ ಕೇಂದ್ರದ ಪಟ್ಟಿಯಲ್ಲಿದೆ. ಆಸ್ಪತ್ರೆ ರಾಜ್ಯದ ಪಟ್ಟಿಯಲ್ಲಿದೆ. ಮಾನಸಿಕ ಕಾಯಿಲೆ ಎರಡಕ್ಕೂ ಸೇರಿದ ಸಮವರ್ತಿ ಪಟ್ಟಿಯಲ್ಲಿದೆ. ಯೂನಿಫಾರಂ ಬಿಚ್ಚಿದ ದಿನ ಸೈನಿಕ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಜಾರುತ್ತಾನೆ, ನಡುವೆ ಬಿದ್ದರೆ ಎತ್ತುವವರು ಯಾರು ಎಂದು ಯಾರೂ ಬರೆದಿಟ್ಟಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಕಲಂ ಮಾತ್ರ ಒಂದು ಹಗ್ಗ ಕೊಟ್ಟಿದೆ: ಸರ್ಕಾರ ನಡೆಸುವ ಅಥವಾ ಸರ್ಕಾರದ ಹಣದಿಂದ ನಡೆಯುವ ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ಬಿಪಿಎಲ್‌ನವರಿಗೆ ಅದು ಉಚಿತ. ನಮ್ಮ ಅಭಿಪ್ರಾಯ ಕೇಳಿದರೆ, ಸೈನಿಕನ ವಿಷಯದಲ್ಲಿ ಮೊದಲ ಹೊಣೆ ಕೇಂದ್ರದ್ದೇ. ಕಳಿಸಿದ್ದು ಅವರು. ರಾಜ್ಯದ ಆಸ್ಪತ್ರೆಯಲ್ಲಿ ಚಿಕಿತ್ಸೆಯಾಗಲಿ, ಪೆನ್ಷನ್ ಇರಲಿ ಇಲ್ಲದಿರಲಿ, ಬಿಲ್ಲು ದೆಹಲಿಗೆ ಹೋಗಲಿ.

ಇದನ್ನು ಈಗ ಹೇಳಲು ಕಾರಣ ಇದೆ. 2022ರಲ್ಲಿ ಅಗ್ನಿಪಥ ಯೋಜನೆ ಬಂತು. ನಾಲ್ಕು ವರ್ಷದ ಸೇವೆ, ನೂರಕ್ಕೆ 25ರವರೆಗೆ ಮಾತ್ರ ಮುಂದುವರಿಕೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ಹಿಡಿದು ಊರಿಗೆ. ಅವರಿಗೆ ಪೆನ್ಷನ್ ಇಲ್ಲ, ಮಾಜಿ ಸೈನಿಕ ಎಂಬ ಸ್ಥಾನ ಇಲ್ಲ, ಇಸಿಎಚ್‌ಎಸ್ ಇಲ್ಲ. ಇದು ಯೋಜನೆಯ ಷರತ್ತಿನಲ್ಲೇ ಇದೆ. ಸೇವೆಯಿಂದಲೇ ಅಂಗವಿಕಲತೆ ಆದರೆ ಅದರ ಪ್ರಮಾಣ ನೋಡಿ ಪರಿಹಾರದ ಹಣ ಇದೆ ನಿಜ. ಆದರೆ ಮನಸ್ಸಿನ ಗಾಯ ಬೋರ್ಡಿನ ದಿನಕ್ಕೆ ಸರಿಯಾಗಿ ಕಾಣಿಸಿಕೊಳ್ಳುವುದಿಲ್ಲ. ಎಷ್ಟೋ ಸಲ ಊರಿಗೆ ಬಂದು ವರ್ಷಗಳಾದ ಮೇಲೆ ಅದು ತಲೆ ಎತ್ತುತ್ತದೆ. 2022ರ ಕೊನೆ, 2023ರ ಆರಂಭದಲ್ಲಿ ಸೇರಿದ ಮೊದಲ ತಂಡಗಳಿಗೆ 2026ರ ಕೊನೆಯಿಂದ ನಾಲ್ಕು ವರ್ಷ ತುಂಬುತ್ತದೆ. ಇಪ್ಪತ್ತೆರಡು, ಇಪ್ಪತ್ತಮೂರು ವಯಸ್ಸಿನ ಹುಡುಗರು. ಅವರಲ್ಲಿ ಎಷ್ಟೋ ಮಂದಿ ಇದೇ ಐಟಿ ಪಾರ್ಕುಗಳ ಗೇಟಿಗೇ ಬರುತ್ತಾರೆ.

ಒಂದು ಸಣ್ಣ ಒಳ್ಳೆಯ ಸುದ್ದಿಯೂ ಇದೆ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಎಂಬ ಉಚಿತ ಫೋನ್ ಸೇವೆ ನಡೆಯುತ್ತಿದೆ, ನಂಬರ್ 14416. ಅದರ ಮುಖ್ಯ ಕೇಂದ್ರ ನಿಮ್ಹಾನ್ಸ್, ತಾಂತ್ರಿಕ ಕೆಲಸ ನೋಡುವುದು ಎಲೆಕ್ಟ್ರಾನಿಕ್ ಸಿಟಿಯ ಐಐಐಟಿ. ಕನ್ನಡದಲ್ಲೇ ಮಾತಾಡಬಹುದು. 2023ರ ಡಿಸೆಂಬರ್‌ನಲ್ಲಿ ಸೇನೆಯವರಿಗಾಗಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಇದರ ಪ್ರತ್ಯೇಕ ಘಟಕವನ್ನೂ ತೆರೆದರು.

ಮನೆಯಲ್ಲಿ ಯಾರಾದರೂ ಸೇವೆ ಮುಗಿಸಿ ಬರುತ್ತಿದ್ದರೆ ಮೂರು ಕಾಗದ ಕೇಳಿ ಇಟ್ಟುಕೊಳ್ಳಿ: ಡಿಸ್ಚಾರ್ಜ್ ಬುಕ್, ಬಿಡುಗಡೆ ಸಮಯದ ಮೆಡಿಕಲ್ ಬೋರ್ಡಿನ ಪೂರ್ತಿ ನಡಾವಳಿ, ಸೇವೆಯಲ್ಲಿದ್ದಾಗ ಆಸ್ಪತ್ರೆ ಸೇರಿದ್ದರೆ ಅದರ ದಾಖಲೆ. ಕಾಯಿಲೆ ಆಮೇಲೆ ಕಾಣಿಸಿಕೊಂಡರೆ ಕೊಚ್ಚಿಯಲ್ಲಿ ಮಾತಾಡುವುದು ಈ ಕಾಗದಗಳೇ.

ಟೀ ಅಂಗಡಿಯ ಹವಾಲ್ದಾರರನ್ನು ಹೋದ ವಾರ ಮತ್ತೆ ನೋಡಿದೆವು. ಅವರಿಗೆ ಪೆನ್ಷನ್ ಇದೆ, ಇಸಿಎಚ್‌ಎಸ್ ಕಾರ್ಡು ಇದೆ. ಬಿಪಿ ಮಾತ್ರೆಗೆ ತಿಂಗಳಿಗೊಮ್ಮೆ ಪಾಲಿಕ್ಲಿನಿಕ್‌ಗೆ ಹೋಗುತ್ತಾರೆ, ನಿದ್ದೆಯ ವಿಷಯ ಅಲ್ಲಿ ಎಂದೂ ಎತ್ತಿಲ್ಲ. ಎತ್ತಿದರೆ ಏಜೆನ್ಸಿಯವರಿಗೆ ಗೊತ್ತಾಗಿ ಕೆಲಸ ಹೋಗುತ್ತದೆ ಎಂಬ ಭಯ. ಹಾಗೆ ಗೊತ್ತಾಗಬಾರದು, ಚಿಕಿತ್ಸೆಯ ವಿವರ ಗುಟ್ಟಾಗಿಡಬೇಕು ಎಂದು ಕಾಯ್ದೆಯಲ್ಲೇ ಇದೆ ಎಂದೆವು. ನಮ್ಮನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ, ಅಣ್ಣನ ಮಗ ಅಗ್ನಿವೀರನಾಗಿ ರಾಜಸ್ಥಾನದಲ್ಲಿದ್ದಾನೆ, ಮುಂದಿನ ತಿಂಗಳು ರಜಕ್ಕೆ ಬರುತ್ತಾನೆ ಎಂದರು. "ಆ ನಂಬರ್ ಇನ್ನೊಂದ್ಸಲ ಹೇಳ್ರಪ್ಪಾ, ಅವ್ನಿಗೆ ಕೊಟ್ಟಿರ್ತೀನಿ" ಅಂದರು. ಹೇಳಿದೆವು. ತಮ್ಮ ಫೋನಿನಲ್ಲೇ ಸೇವ್ ಮಾಡಿಕೊಂಡರು.